ಬಳ್ಳಾರಿಯಿಂದ ಯಾವ ಕಡಲಿಗೆ? ಹಕ್ಕಿ ನೋಡಲು ಹೊರಡುವ ಮುಂಚೆ

ನಕಾಶೆಯಲ್ಲಿ ಬಳ್ಳಾರಿ ಮೇಲೆ ಬೆರಳಿಟ್ಟು ನೋಡಿ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಬಂಗಾಳ ಕೊಲ್ಲಿ. ಎರಡೂ ನಮಗೆ ಹೆಚ್ಚುಕಡಿಮೆ ಒಂದೇ ದೂರ. ಊರ ಪಕ್ಕ ಹಾದುಹೋಗುವ 67ನೇ ರಾಷ್ಟ್ರೀಯ ಹೆದ್ದಾರಿ ಪೂರ್ವಕ್ಕೆ ಗುತ್ತಿ, ತಾಡಪತ್ರಿ, ನೆಲ್ಲೂರು ದಾಟಿ ಕೃಷ್ಣಪಟ್ಟಣಂ ಬಂದರಿಗೆ ಮುಟ್ಟುತ್ತದೆ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ. ಅಲ್ಲಿಂದ 52ನೇ ಹೆದ್ದಾರಿ ಹಿಡಿದು ಅರಬೈಲು ಘಟ್ಟ ಇಳಿದರೆ ಅಂಕೋಲಾ. ಹಾಗಾಗಿ ಚಳಿ ಶುರುವಾಯಿತೆಂದರೆ ನಮ್ಮ ಗೆಳೆಯರ ನಡುವೆ ಇದೇ ಮಾತು. ಈ ಸಲ ಪೂರ್ವದ ಪುಲಿಕಾಟ್ ಸರೋವರಕ್ಕಾ, ಪಶ್ಚಿಮದಲ್ಲಿ ನದಿ ಕಡಲು ಸೇರುವ ಅಘನಾಶಿನಿ ಅಳಿವೆಗಾ?

ಎರಡೂ ಕಡೆ ಹಲವು ಸಲ ಹೋಗಿ ಬಂದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿಯೆಲ್ಲ ಹೊರಟಿದ್ದರೆ, ಮಕ್ಕಳಿಗೆ ಮೊದಲ ಸಲ ಕಡಲಂಚಿನ ಹಕ್ಕಿ ತೋರಿಸಬೇಕಿದ್ದರೆ ಪೂರ್ವಕ್ಕೆ ಹೋಗಿ. ಪುಲಿಕಾಟ್ ಮತ್ತು ಅದರ ಹತ್ತಿರದ ನೇಲಪಟ್ಟು ಕೆರೆ. ಒಂದು ಕಡೆ ಕೂತು, ಹಕ್ಕಿ ಹೇಗೆ ಹೊಟ್ಟೆ ಹೊರೆಯುತ್ತದೆ ಅಂತ ಸಾವಕಾಶವಾಗಿ ನೋಡುವ ಆಸೆ ಇದ್ದರೆ ಪಶ್ಚಿಮಕ್ಕೆ ಹೋಗಿ. ಅಘನಾಶಿನಿ. ಯಾವ ಕಡೆ ಹೊರಟರೂ ಅದಕ್ಕೂ ಮುಂಚೆ ನಮ್ಮದೇ ಕೆರೆಯಲ್ಲಿ ಒಂದು ಬೆಳಗು ಕಳೆಯಿರಿ. ಈ ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದೇ ಮುಖ್ಯ.

ಮೊದಲು ಮನೆ ಹತ್ತಿರದ ಕೆರೆ

2024ರ ಜನವರಿ ಕೊನೆಯಲ್ಲಿ ಭಾರತದ ಐದು ಜಾಗ ರಾಮ್ಸಾರ್ ಪಟ್ಟಿಗೆ ಸೇರಿದವು. ಇರಾನಿನ ರಾಮ್ಸಾರ್ ಊರಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತಿಗೇ ಮುಖ್ಯವಾದ ಕೆರೆ, ಅಳಿವೆ, ಜೌಗು ನೆಲಗಳ ಪಟ್ಟಿ ಅದು. ಆ ಐದರಲ್ಲಿ ಮೂರು ಕರ್ನಾಟಕದವು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾ ಕಡೆಯ ಅಘನಾಶಿನಿ ಅಳಿವೆ. ಮೂರರಲ್ಲಿ ಎರಡು ನಮ್ಮ ಬಾಗಿಲಲ್ಲೇ ಇವೆ, ಅಲ್ವಾ?

ಅಂಕಸಮುದ್ರ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಬಳ್ಳಾರಿ ಒಂದೇ ಜಿಲ್ಲೆಯಾಗಿದ್ದಾಗ ನಮ್ಮದೇ. ಕೆರೆ ದೊಡ್ಡದೇನಲ್ಲ, 100 ಹೆಕ್ಟೇರಿಗೂ ಸ್ವಲ್ಪ ಕಡಿಮೆ. ಆದರೆ ನೀರೊಳಗೆ ಜಾಲಿ ಗಿಡಗಳು ನಿಂತಿವೆ. ಆ ಗಿಡಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಎಲ್ಲ ಸೇರಿ ಗದ್ದಲವೋ ಗದ್ದಲ. ಗೂಡು ಕಟ್ಟುವುದಕ್ಕೋ ರಾತ್ರಿ ತಂಗುವುದಕ್ಕೋ ಇಲ್ಲಿಗೆ ಬರುವ ನೀರುಹಕ್ಕಿಗಳು 30,000ಕ್ಕೂ ಜಾಸ್ತಿ ಅಂತ ರಾಮ್ಸಾರ್ ದಾಖಲೆ ಹೇಳುತ್ತದೆ. ಏರಿ ಮೇಲೆ ನಿಂತರೆ ಸಾಕು. ಹಕ್ಕಿ ದೊಡ್ಡದು, ಹತ್ತಿರ ಇರುತ್ತದೆ, ಕೂತಲ್ಲೇ ಕೂತಿರುತ್ತದೆ. ಬೈನಾಕ್ಯುಲರ್ ಹಿಡಿಯುವ ಕೈ ಪಳಗುವುದು ಇಂಥ ಕಡೆ. ಕಣ್ಣಿಗೆ ಹಚ್ಚಿಕೊಂಡ ಕೂಡಲೇ ಹಕ್ಕಿ ಸಿಗಬೇಕು. ಮಕ್ಕಳಿಗೆ ಅದು ಬರುವುದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನವನ್ನು ಎಂಟು ತಾಸು ಪ್ರಯಾಣ ಮಾಡಿ ಹೋದ ಕಡಲ ತೀರದಲ್ಲಿ ಕಳೆಯಬೇಡಿ.

ಕೊಪ್ಪಳದವರಿಗೆ ಮಾಗಡಿ ಇನ್ನೂ ಅನುಕೂಲ. ಗದಗಕ್ಕೆ ಹೋಗಿ ಲಕ್ಷ್ಮೇಶ್ವರದ ದಾರಿ ಹಿಡಿದರೆ ಆಯಿತು. ಅಲ್ಲಿನ ವಿಶೇಷ ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರುವ ಹಕ್ಕಿ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಇವು ಹಗಲು ಕೆರೆಯಲ್ಲಿ ತೇಲುತ್ತಾ ನಿದ್ದೆ ಮಾಡುತ್ತವೆ. ಸಂಜೆಯಾದ ಮೇಲೆ ಹೊಲಗಳಿಗೆ ಮೇಯಲು ಹೋಗಿ ಬೆಳಿಗ್ಗೆ ವಾಪಸ್ ಬರುತ್ತವೆ. ಹಾಗಾಗಿ ಮಧ್ಯಾಹ್ನ ಹೋದರೆ ನಿದ್ದೆಗೆ ಬಿದ್ದ ಬಾತುಗಳನ್ನು ನೋಡಿ ಬರುತ್ತೀರಿ. ಬೆಳಗ್ಗೆ ಬೇಗ ಹೋದರೆ ಸಾಲು ಸಾಲಾಗಿ ಬಂದು ಇಳಿಯುವುದನ್ನು ನೋಡಬಹುದು.

ಇಷ್ಟೆಲ್ಲ ಇಲ್ಲೇ ಇರುವಾಗ ಕಡಲು ಯಾಕೆ ಅಂತ ಕೇಳಬಹುದು. ಕೆರೆಯಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿದೆ. ಕೆರೆಯ ನೀರು ವರ್ಷಕ್ಕೊಮ್ಮೆ ತುಂಬಿ, ನಿಧಾನಕ್ಕೆ ಇಳಿಯುತ್ತದೆ. ಕಡಲಂಚಿನ ನೀರು ದಿನಕ್ಕೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ. ಅಲ್ಲಿನ ಹಕ್ಕಿಗಳ ದಿನಚರಿ ಪೂರ್ತಿ ಅದರ ಮೇಲೆ ನಿಂತಿದೆ.

ಅಘನಾಶಿನಿ: ಕೆಸರು ಕಾಯುವ ಊರು

ಮೊದಲ ಸಲ ನಾನು ಅಘನಾಶಿನಿ ಅಳಿವೆಯ ದಡದ ತದಡಿಗೆ ಹೋದದ್ದು ಡಿಸೆಂಬರಿನಲ್ಲಿ. ನಮ್ಮ ಕಡೆಯ ರೂಢಿಯಂತೆ ಬೆಳಗಿನ ಆರಕ್ಕೇ ದಡದಲ್ಲಿ ನಿಂತೆ. ಹಕ್ಕಿ ನೋಡಬೇಕು ಅಂದರೆ ಬೇಗ ಏಳಬೇಕು ಅಂತ ತಾನೇ ನಾವು ಕಲಿತಿರುವುದು. ಕಣ್ಣು ಹಾಯಿಸಿದಷ್ಟೂ ನೀರು. ಎರಡು ಗರುಡ, ಒಂದು ಮಿಂಚುಳ್ಳಿ, ಅಷ್ಟೇ. ಎಂಟು ಗಂಟೆವರೆಗೂ ಕಾದು, ಬೇಸರವಾಗಿ ಗೋಕರ್ಣಕ್ಕೆ ಹೋಗಿ ತಿಂಡಿ ತಿಂದು ಮಲಗಿದೆ. ಹನ್ನೊಂದೂವರೆಗೆ ಬ್ಯಾಗ್ ತಗೊಂಡು ಅದೇ ದಾರಿಯಲ್ಲಿ ವಾಪಸ್ ಬಂದಾಗ ನೀರಿದ್ದ ಕಡೆ ನೆಲ ಕಾಣುತ್ತಿತ್ತು. ಕಪ್ಪು, ಹೊಳೆಯುವ ಕೆಸರು. ಮಳೆಯಲ್ಲಿ ನೆನೆದ ನಮ್ಮ ಎರೆಹೊಲದ ಹಾಗೆ. ಅದರ ತುಂಬ ಹಕ್ಕಿ. ಓಡುವ ಹಕ್ಕಿ, ಚುಚ್ಚುವ ಹಕ್ಕಿ, ಜಗಳವಾಡುವ ಹಕ್ಕಿ.

ಬೆಳಿಗ್ಗೆ ನಾನು ಹೋಗಿದ್ದು ತುಂಬು ಉಬ್ಬರದ ಹೊತ್ತು. ಹಕ್ಕಿಗಳ ಊಟದ ತಟ್ಟೆ ನೀರಿನಡಿ ಮುಚ್ಚಿಹೋಗಿತ್ತು.

ಇದನ್ನು ಗಂಗಾವತಿ, ಸಿಂಧನೂರಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ತಿಳಿದುಕೊಂಡೇ ಅವರು ಸಸಿ ಮಡಿ ಮಾಡುವುದು. ಅಘನಾಶಿನಿಗೆ ಹೋಗುವವರೂ ಹಾಗೇ ನೀರಿನ ಲೆಕ್ಕ ಹಿಡಿಯಬೇಕು. ತುಂಬು ಉಬ್ಬರದಿಂದ ಪೂರ್ತಿ ಇಳಿತಕ್ಕೆ ಸುಮಾರು ಆರು ತಾಸು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಕೆಸರು ಬಹಳ ದೂರದವರೆಗೆ ತೆರೆದುಕೊಳ್ಳುತ್ತದೆ. ಅಷ್ಟಮಿ ಸುತ್ತಮುತ್ತ ಏರಿಳಿತ ಕಡಿಮೆ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರೆ ದಿನ ಗೊತ್ತಾಗುತ್ತದೆ. ಗಂಟೆಗೆ ಮೊಬೈಲಿನಲ್ಲಿ ಕಾರವಾರದ ಉಬ್ಬರ-ಇಳಿತದ ಪಟ್ಟಿ ನೋಡಿಕೊಳ್ಳಿ. ಅಳಿವೆಯ ಒಳಗೆ ಹೋದಷ್ಟೂ ಸ್ವಲ್ಪ ತಡ ಅಂತ ನೆನಪಿಟ್ಟುಕೊಂಡರೆ ಸಾಕು.

ನನ್ನ ಕ್ರಮ ಹೀಗೆ. ನೀರು ಇಳಿಯಲು ಶುರುವಾಗಿ ಎರಡು ತಾಸು ಆದಮೇಲೆ ದಡಕ್ಕೆ ಹೋಗುತ್ತೇನೆ. ಆಗ ಕೆಸರಿನ ಪಟ್ಟಿ ಸಣ್ಣದಿರುತ್ತದೆ, ಹಕ್ಕಿ ಹತ್ತಿರ ಸಿಗುತ್ತದೆ. ಪೂರ್ತಿ ಇಳಿದಾಗ ಅವು ನೀರಿನ ಅಂಚು ಹಿಡಿದು ದೂರ ಹೋಗಿಬಿಡುತ್ತವೆ. ಮತ್ತೆ ನೀರು ಏರುವಾಗ ಅದೇ ನೀರು ಅವನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ನನಗೆ ಈ ಏರುವ ಹೊತ್ತೇ ಜಾಸ್ತಿ ಇಷ್ಟ. ಪೂರ್ತಿ ಉಬ್ಬರವಾದಾಗ ಹಕ್ಕಿಗಳು ಎತ್ತರದ ಜಾಗ ಹುಡುಕಿ ವಿಶ್ರಾಂತಿಗೆ ಕೂರುತ್ತವೆ. ಸಾಣಿಕಟ್ಟಾದ ಉಪ್ಪಿನಾಗರ, ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಒಡ್ಡುಗಳನ್ನು ಆ ಹೊತ್ತಲ್ಲಿ ನೋಡಿ. ಆಗರದ ಒಳಗೆ ಕೆಲಸ ನಡೆದಿರುತ್ತದೆ. ಅಲ್ಲಿರುವವರನ್ನು ಕೇಳಿ, ಅವರು ತೋರಿಸಿದ ಕಡೆ ಮಾತ್ರ ನಿಲ್ಲಿ.

ಅಲ್ಲಿ ನೋಡಿದ್ದರಲ್ಲಿ ಒಂದನ್ನು ಹೇಳಲೇಬೇಕು. ದೊಡ್ಡ ಕರ್ಲ್ಯೂ. ಕೋಳಿಗಿಂತ ಎತ್ತರ, ಮಣ್ಣಿನ ಬಣ್ಣ, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ನಾನು ಕೂತಿದ್ದ ಕಲ್ಲಿನಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಕೊಕ್ಕನ್ನು ಬುಡದವರೆಗೆ ಕೆಸರಿನೊಳಗೆ ಇಳಿಸುವುದು. ಐದಾರು ಸಲ ಬರಿಗೈ. ಏಳನೇ ಸಲ ಒಂದು ಏಡಿ ಬಂತು. ಅದನ್ನು ಹಾಗೇ ನುಂಗಲಿಲ್ಲ. ಕೊಕ್ಕಿನ ತುದಿಯಲ್ಲಿ ಹಿಡಿದು ಜಾಡಿಸಿತು. ಒಂದು ಕಾಲು ಹಾರಿಹೋಯಿತು. ಮತ್ತೆ ಜಾಡಿಸಿತು, ಇನ್ನೊಂದು. ಕಾಲೆಲ್ಲ ಹೋದಮೇಲೆ ಪಕ್ಕದ ಸಣ್ಣ ನೀರಗುಂಡಿಗೆ ನಡೆದು, ಏಡಿಯನ್ನು ಅದ್ದಿ ತೊಳೆದು, ಆಮೇಲೆ ನುಂಗಿತು. ಅದರ ಹಿಂದೆಯೇ ಒಂದಿಷ್ಟು ಸಣ್ಣ ಗೊರವ ಹಕ್ಕಿಗಳು (ಸ್ಯಾಂಡ್‌ಪೈಪರ್) ಮೇಲಿನ ಒಂದಂಗುಲ ಕೆಸರನ್ನಷ್ಟೇ ಕುಟ್ಟುತ್ತಾ ಓಡಾಡುತ್ತಿದ್ದವು. ಕೊಕ್ಕು ಎಷ್ಟು ಉದ್ದವೋ ಅಷ್ಟು ಆಳದ ಊಟ. ಒಂದೇ ಕೆಸರಿನಲ್ಲಿ ಇಷ್ಟು ಬಗೆಯ ಹಕ್ಕಿ ಜಗಳವಿಲ್ಲದೆ ಹೇಗೆ ಉಣ್ಣುತ್ತವೆ ಅಂತ ನನಗೆ ಅವತ್ತು ತಿಳಿಯಿತು.

ಅದೇ ಇಳಿತದಲ್ಲಿ ಊರಿನ ಹೆಣ್ಣುಮಕ್ಕಳೂ ಕೆಸರಿಗೆ ಇಳಿದಿರುತ್ತಾರೆ. ಬಳಚು, ಅಂದರೆ ಚಿಪ್ಪುಮೀನು ಆರಿಸಲು. ಹಕ್ಕಿ ಅವರಿಗೆ ಹೆದರುವುದಿಲ್ಲ, ನಮಗೆ ಹೆದರುತ್ತದೆ. ಈ ಅಳಿವೆಯನ್ನೇ ನಂಬಿ ಮೀನು, ಬಳಚು, ಏಡಿ, ಉಪ್ಪು, ಗಜನಿ ಭತ್ತ ಅಂತ ಸಾವಿರಾರು ಮನೆಗಳು ಬದುಕುತ್ತಿವೆ. ಉಪ್ಪುನೀರು ತಡೆಯುವ ಕಗ್ಗ ಅನ್ನುವ ಭತ್ತದ ತಳಿ ಇಲ್ಲಿನದು. ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಮಣ್ಣು, ಸಿಹಿನೀರು ಎರಡೂ ಅಡ್ಡಿಯಿಲ್ಲದೆ ಕೆಳಗೆ ಬರುತ್ತವೆ. 4,801 ಹೆಕ್ಟೇರಿನ ಈ ಅಳಿವೆಯಲ್ಲಿ ಇಷ್ಟು ಜೀವ ಇರುವುದಕ್ಕೆ ಅದೂ ಒಂದು ಕಾರಣ. ತುಂಗಭದ್ರೆಯ ಅಣೆಕಟ್ಟಿನ ಕೆಳಗೆ ಬದುಕುವ ನಮಗೆ ಅಂಥ ನದಿಯನ್ನು ಅದರ ಕೊನೆಯಲ್ಲಿ ನಿಂತು ನೋಡುವುದೇ ಬೇರೆ ಅನುಭವ.

ತೊಂದರೆಗಳನ್ನೂ ಹೇಳುತ್ತೇನೆ. ಹಕ್ಕಿಗಳು ಸಣ್ಣವು, ಬಹುಪಾಲು ಕಂದು-ಬೂದು. ಹೊಸಬರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹತ್ತು ವರ್ಷದ ನನ್ನ ಅಕ್ಕನ ಮಗ ಮುಕ್ಕಾಲು ತಾಸಿಗೆ ಬೇಜಾರಾಗಿ ಬೀಚಿಗೆ ಹೋಗೋಣ ಅಂದ. ಹೋದೆವು. ಅವನ ತಪ್ಪೇನಿಲ್ಲ. ಇನ್ನೊಂದು, ರೈಲು ಸರಿಯಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ. ಹಾಗಾಗಿ ರೈಲೇ ಬೇಕೆಂದರೆ ವಾಸ್ಕೋ ಕಡೆ ಹೋಗುವ ಗಾಡಿಯಲ್ಲಿ ಮಡಗಾಂವ್‌ಗೆ ಹೋಗಿ, ಕೊಂಕಣ ರೈಲು ಹಿಡಿದು ಗೋಕರ್ಣ ರೋಡ್ ಅಥವಾ ಕುಮಟಾದಲ್ಲಿ ಇಳಿಯಬೇಕು. ಅದು ಬಳಸುದಾರಿ. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಬಸ್ಸು, ಇದು ವಾಸಿ.

ಪುಲಿಕಾಟ್: ಗುಲಾಬಿ ಗೆರೆ

ಪುಲಿಕಾಟ್ ಸವಳು ನೀರಿನ ಸರೋವರ. ಒಡಿಶಾದ ಚಿಲಿಕಾ ಬಿಟ್ಟರೆ ದೇಶದಲ್ಲಿ ಇದೇ ದೊಡ್ಡದು. ಬಹುಪಾಲು ಆಂಧ್ರದಲ್ಲಿದೆ, ಸ್ವಲ್ಪ ತಮಿಳುನಾಡಿನಲ್ಲಿ. ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಅಡ್ಡಗೋಡೆಯ ಹಾಗೆ ಇರುವುದೇ ರಾಕೆಟ್ ಹಾರಿಸುವ ಶ್ರೀಹರಿಕೋಟಾ. ಸೂಳ್ಳೂರುಪೇಟೆಯಿಂದ ಆ ದ್ವೀಪಕ್ಕೆ ಹೋಗುವ ರಸ್ತೆ ಸರೋವರವನ್ನೇ ಸೀಳಿಕೊಂಡು ಹೋಗುತ್ತದೆ. ಎರಡೂ ಬದಿ ನೀರು. ವಯಸ್ಸಾದವರು ಕೆಸರು ತುಳಿಯಬೇಕಿಲ್ಲ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಕಿಟಕಿಯಿಂದಲೇ ನೋಡಬಹುದು. ಪುಲಿಕಾಟ್‌ನ ದೊಡ್ಡ ಅನುಕೂಲವೇ ಇದು. ಉಡಾವಣಾ ಕೇಂದ್ರದ ಗೇಟಿನಿಂದ ಒಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ. ಉಡಾವಣೆ ಇರುವ ದಿನಗಳಲ್ಲಿ ಕಟ್ಟುನಿಟ್ಟು ಜಾಸ್ತಿ, ಜನವೂ ಜಾಸ್ತಿ. ದಿನ ಗೊತ್ತುಮಾಡುವ ಮುಂಚೆ ಅದನ್ನೊಮ್ಮೆ ನೋಡಿಕೊಳ್ಳಿ.

ಇಲ್ಲಿಗೆ ಹೋಗುವುದೇ ರಾಜಹಂಸಕ್ಕಾಗಿ (ಫ್ಲೆಮಿಂಗೊ). ದೂರದಿಂದ ನೀರಿನ ಮೇಲೆ ಗುಲಾಬಿ ಗೆರೆ ಎಳೆದ ಹಾಗೆ ಕಾಣುತ್ತದೆ. ಬೈನಾಕ್ಯುಲರ್ ಇಟ್ಟರೆ ಆ ಗೆರೆ ಸಾವಿರ ಕಾಲುಗಳಾಗಿ ಬಿಡಿಬಿಡಿಯಾಗುತ್ತದೆ. ತಲೆ ಕೆಳಗೆ ಮಾಡಿ, ಕೊಕ್ಕನ್ನು ಉಲ್ಟಾ ಹಿಡಿದು, ಕಾಲಿನಿಂದ ಕೆಸರನ್ನು ತುಳಿದು ಕದಡಿ, ನೀರನ್ನು ಸೋಸಿ ಪಾಚಿ, ಸಣ್ಣ ಸಿಗಡಿಯಂಥ ಹುಳ ತಿನ್ನುತ್ತವೆ. ಮೈಗೆ ಬಣ್ಣ ಬರುವುದು ಆ ಊಟದಿಂದಲೇ. ಮರಿಗಳು ಬೂದು ಬಣ್ಣದವು. ಗುಂಪು ಎದ್ದು ಹಾರಿದಾಗ ಮಾತ್ರ ರೆಕ್ಕೆಯ ಒಳಗಿನ ಕೆಂಪು, ಅಂಚಿನ ಕಪ್ಪು ಕಾಣುತ್ತದೆ. ಅದನ್ನು ನೋಡುವ ಆಸೆಗೆ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಹಾರ್ನ್ ಹೊಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವು ಹಾರುವ ಒಂದೊಂದು ಸಲವೂ ಉಂಡ ಊಟ ಖರ್ಚಾಗುತ್ತದೆ. ತಾಸು ಹೊತ್ತು ಕಾದರೆ ತಾವಾಗೇ ಒಂದು ಕಡೆಯಿಂದ ಇನ್ನೊಂದು ಕಡೆ ಹಾರುತ್ತವೆ.

ಸುಮಾರು 20 ಕಿಲೋಮೀಟರ್ ದೂರದಲ್ಲಿ ನೇಲಪಟ್ಟು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುತ್ತದೆ. ಕೆರೆಯೊಳಗಿನ ಮರಗಳ ಮೇಲೆ ಗೂಡು, ಮೇಯುವುದಕ್ಕೆ ಪುಲಿಕಾಟ್. ಅಂಕಸಮುದ್ರ ನೋಡಿ ಬಂದವರಿಗೆ ಈ ಜಾಗ ನೋಡಿದ ಕೂಡಲೇ ಅರ್ಥವಾಗುತ್ತದೆ. ಅದೇ ಥರದ ಕೆರೆ, ಅದೇ ಥರದ ಗದ್ದಲ. ಹಕ್ಕಿ ಮಾತ್ರ ಇನ್ನೂ ದೊಡ್ಡದು. ಮಕ್ಕಳಿಗೆ ಇದು ಖಂಡಿತ ಹಿಡಿಸುತ್ತದೆ. ಬೆಳಿಗ್ಗೆ ನೇಲಪಟ್ಟು, ಮಧ್ಯಾಹ್ನ ಮೂರರ ಮೇಲೆ ಪುಲಿಕಾಟ್, ಹೀಗಿಟ್ಟುಕೊಳ್ಳಿ. ಸಂಜೆ ಸೂರ್ಯ ಪಶ್ಚಿಮಕ್ಕಿರುತ್ತಾನೆ. ಆಗ ರಸ್ತೆಯ ಮೇಲೆ ದ್ವೀಪದ ಕಡೆ ಮುಖ ಮಾಡಿ ನಿಂತರೆ ಬೆಳಕು ಬೆನ್ನಿಗೆ ಬೀಳುತ್ತದೆ. ಗುಲಾಬಿ ಬಣ್ಣ ಚೆನ್ನಾಗಿ ಕಾಣುತ್ತದೆ.

ರಾಯಚೂರಿನವರಿಗೆ ಈ ಕಡೆಯೇ ಸುಲಭ. ಮುಂಬೈ–ಚೆನ್ನೈ ರೈಲು ಮಾರ್ಗ ನಿಮ್ಮ ಊರಿನ ಮೇಲೇ ಹೋಗುತ್ತದೆ. ರೇಣಿಗುಂಟಾದಲ್ಲಿ ಇಳಿದು ಗೂಡೂರು ಕಡೆಯಿಂದ ಸೂಳ್ಳೂರುಪೇಟೆ ಸೇರಬಹುದು. ಚೆನ್ನೈಗೇ ಹೋಗಿ ಅಲ್ಲಿಂದ ಲೋಕಲ್ ರೈಲಿನಲ್ಲೂ ಬರಬಹುದು. ಭಾಷೆಯ ತೊಂದರೆಯೂ ಇಲ್ಲ. ಬಳ್ಳಾರಿ, ರಾಯಚೂರಿನವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಮೀನುಗಾರರ ಹತ್ತಿರ ಎರಡು ಮಾತಾಡಿದರೆ ಇವತ್ತು ರಾಜಹಂಸ ಯಾವ ಕಡೆ ಇಳಿದಿವೆ ಅಂತ ಅವರೇ ಹೇಳುತ್ತಾರೆ. ಯಾವ ಆ್ಯಪ್‌ಗಿಂತಲೂ ಅದು ಖಾತ್ರಿ.

ಮಳೆ ಬೇರೆ, ತಿಂಗಳು ಬೇರೆ

ಇಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಕರಾವಳಿ ಕರ್ನಾಟಕಕ್ಕೆ ಮಳೆ ಜೂನ್‌ನಿಂದ ಸೆಪ್ಟೆಂಬರ್. ಅದಾದಮೇಲೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಅಘನಾಶಿನಿಗೆ ಯಾವಾಗ ಬೇಕಾದರೂ ಹೋಗಬಹುದು. ನೀರಿನ ಗಂಟೆ ನೋಡಿಕೊಂಡರೆ ಆಯಿತು. ಪುಲಿಕಾಟ್‌ಗೆ ಹಾಗಲ್ಲ. ಅದಕ್ಕೆ ನೀರು ತುಂಬುವುದು ಹಿಂಗಾರು. ಅಕ್ಟೋಬರ್, ನವೆಂಬರ್ ಅಂದರೆ ಅಲ್ಲಿ ಮಳೆ, ಚಂಡಮಾರುತದ ಭಯ. ಇನ್ನೊಂದು ಕಡೆ, ಬೇಸಿಗೆ ಹತ್ತಿರವಾದಂತೆ ಉತ್ತರ ಭಾಗ ಒಣಗಿ ಬಿರುಕು ಬಿಡುತ್ತದೆ. ರಾಜಹಂಸಕ್ಕೆ ಬೇಕಾದದ್ದು ಮೊಣಕಾಲಿನಷ್ಟು ನೀರು. ತುಂಬ ಏರಿದರೂ ಇಲ್ಲ, ಒಣಗಿದರೂ ಇಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ನಡುವೆ ಹೋಗಿ. ನನ್ನ ಆಯ್ಕೆ ಸಂಕ್ರಾಂತಿ ಆದಮೇಲಿನ ವಾರ. ಹಬ್ಬದ ದಿನಗಳಲ್ಲಿ ಆ ಕಡೆ ಬಸ್ಸು, ರೈಲು ಎರಡರಲ್ಲೂ ಕಾಲಿಡಲು ಜಾಗವಿರುವುದಿಲ್ಲ.

ಕಾಕಿನಾಡ ಹತ್ತಿರದ ಕೋರಿಂಗ ಬಗ್ಗೆಯೂ ಕೇಳುತ್ತಾರೆ. ಗೋದಾವರಿಯ ಮುಖಜ ಭೂಮಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಅದು. ಮರದ ಹಲಗೆಯ ಕಾಲುದಾರಿ ಚೆನ್ನಾಗಿದೆ. ಆದರೆ ದಟ್ಟ ಕಾಡಿನಲ್ಲಿ ಹಕ್ಕಿ ಕೇಳಿಸುವುದೇ ಜಾಸ್ತಿ, ಕಾಣುವುದು ಕಡಿಮೆ. ದೂರವೂ ಬಹಳ. ಕಾಂಡ್ಲಾ ನೋಡುವುದೇ ಆಸೆಯಾದರೆ ಅಘನಾಶಿನಿಗೆ ಹೋದಾಗ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆ ದಾರಿಯಲ್ಲಿ ಒಂದು ತಾಸು ಕಳೆಯಿರಿ. ಬೇರುಗಳ ನಡುವೆ ಕೆಸರಿನ ಮೇಲೆ ಜಿಗಿಯುವ ಮೀನು, ಒಂದೇ ಕೊಂಡಿ ದೊಡ್ಡದಿರುವ ಏಡಿ, ಎರಡೂ ಇಂಥ ಕೆಸರಿನಲ್ಲಿ ಸಿಗುತ್ತವೆ.

ಬೈನಾಕ್ಯುಲರ್ ವಿಷಯದಲ್ಲಿ ಒಂದೇ ಮಾತು. 8×42 ತಗೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ತರುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 12, 16 ಪಟ್ಟು ಅಂತ ಆಸೆಬಿದ್ದು ತಂದರೆ ಕೈ ನಡುಕದಲ್ಲಿ ಹಕ್ಕಿಯೇ ಕುಣಿಯುತ್ತದೆ. ಪುಲಿಕಾಟ್‌ನಲ್ಲಿ ಹಕ್ಕಿ ದೂರ ಇದ್ದರೂ ದೊಡ್ಡದು, 8 ಸಾಕು. ಅಘನಾಶಿನಿಯಲ್ಲಿ ಗೊರವಗಳನ್ನು ಗುರುತಿಸಬೇಕು ಅಂದರೆ ಮುಕ್ಕಾಲಿಯ ಮೇಲಿಡುವ ಸ್ಪಾಟಿಂಗ್ ಸ್ಕೋಪ್ ಇದ್ದವರ ಜೊತೆ ಹೋಗುವುದು ಒಳ್ಳೆಯದು. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಟೋಪಿ, ಎರಡು ಬಾಟಲಿ ನೀರು, ಮನೆಯಿಂದ ಬುತ್ತಿ. ಎರಡೂ ಕಡೆ ಬಿಸಿಲು ನಮ್ಮ ಬಿಸಿಲಿನಷ್ಟು ಸುಡುವುದಿಲ್ಲ ಅನಿಸುತ್ತದೆ, ಆದರೆ ಸೆಕೆ ಬೇರೆ ಥರ. ಒಣ ಹವೆಗೆ ಹೊಂದಿಕೊಂಡ ನಮ್ಮ ಮೈಗೆ ಅದು ಬೇಗ ದಣಿವು ತರುತ್ತದೆ.

ಅಘನಾಶಿನಿಯ ಕೆಸರಿಗೆ ಮಾತ್ರ ಸುಮ್ನೆ ಇಳಿಯಬೇಡಿ. ನೋಡಲು ಎರೆಮಣ್ಣು, ಆದರೆ ಒಂದು ಕಡೆ ಪಾದ ಮುಳುಗಿದರೆ ಪಕ್ಕದಲ್ಲೇ ತೊಡೆವರೆಗೆ ಹೋಗುತ್ತದೆ. ಹಿಂದಿನಿಂದ ನೀರು ಏರುವುದು ಗೊತ್ತೇ ಆಗುವುದಿಲ್ಲ. ಬಳಚು ಆರಿಸುವ ಹೆಣ್ಣುಮಕ್ಕಳು ಬುಟ್ಟಿ ಎತ್ತಿಕೊಂಡು ದಡಕ್ಕೆ ಹೊರಟರೆಂದರೆ ನೀವೂ ಹೊರಡಿ. ನೀರು ತಿರುಗಿದೆ ಅಂತ ಅರ್ಥ. ದಡದ ಮೇಲಿನ ಕಲ್ಲಿನ ಮೇಲೆ ಕೂತುಬಿಡಿ. ಇನ್ನು ಅರ್ಧ ತಾಸಿಗೆ ಹಕ್ಕಿಗಳೂ ಅದೇ ನೀರಿನ ಮುಂದೆ ಮುಂದೆ ನಡೆಯುತ್ತಾ ನಿಮ್ಮ ಹತ್ತಿರಕ್ಕೆ ಬರುತ್ತವೆ.